ಗುಂಡಿ ಅಂಗಡಿಯ ಒಡತಿ

ಮಾರ್ಚ್ ೩

ಪುಟ್ಟಿ,

ಅಕ್ಷರದ ಗುರುತು ಸಿಕ್ಕಿದ ಕೂಡಲೇ ಕಾಗದ ಹರಿದು ಹಾಕಬೇಡ. ಹೌದು, ನಾನು ನಿನ್ನ ಅತ್ತಿಗೆಯೇ. ಹದಿನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ ಅಂದರೆ ರಾಜಿಗೆ ಬಂದಿದ್ದೇನೆ ಅಂದುಕೊಳ್ಳಬೇಡ. ಕೆಲಸವಿದೆ, ಅದಕ್ಕೆ ಬರೆಯುತ್ತಿದ್ದೇನೆ. ನಿನ್ನ ಫೋನ್ ನಂಬರ್ ನನ್ನ ಹತ್ತಿರ ಇಲ್ಲ. ಇದ್ದಿದ್ದರೂ ಮಾಡುತ್ತಿರಲಿಲ್ಲ. ಫೋನಿನಲ್ಲಾದರೆ ಎರಡನೇ ಮಾತಿಗೆ ನಾವಿಬ್ಬರೂ ಕಿತ್ತಾಡುತ್ತೇವೆ. ಕಾಗದದಲ್ಲಾದರೆ ಮಧ್ಯೆ ನಾಲ್ಕು ದಿನ ತಣ್ಣಗಾಗಲು ಸಿಗುತ್ತದೆ.

ಆಗಸ್ಟಿನಲ್ಲಿ ನಿನ್ನ ಅಣ್ಣ ಹೋದ ಮೇಲೆ ಅಂಗಡಿ ನಾನೊಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ಸೋದರತ್ತೆ ನಿನಗೆ ಹೇಳಿರುತ್ತಾರೆ. ನೀನು ಬರಲಿಲ್ಲ. ಒಡಹುಟ್ಟಿದವನ ಮುಖ ನೋಡಲೂ ಬಾರದಷ್ಟು ಕಲ್ಲಾದೆಯಾ ಎಂದು ಕೇಳಬೇಕು ಅನ್ನಿಸಿತ್ತು. ಹೋಗಲಿ ಬಿಡು.

ಈಗ ಬೀದಿಯಿಂದ ಗುಂಡಿ ಕೇಳಿಕೊಂಡು ಒಳಗೆ ಬರುವವರು ವಾರಕ್ಕೆ ಮೂವರು ನಾಲ್ವರು. ಗುಂಡಿ ಬಿದ್ದರೆ ಜನ ಅಂಗಿಯನ್ನೇ ಬಿಸಾಡುತ್ತಾರೆ. ಆದರೆ ಅಜ್ಜನ ಕೋಟು, ಅಮ್ಮನ ರವಿಕೆ ಎಂದು ಜೋಪಾನ ಮಾಡುವವರು ಎಲ್ಲೆಲ್ಲೋ ಇದ್ದಾರಲ್ಲ, ಅವರಿಗೋಸ್ಕರ ಆನ್‌ಲೈನ್ ಅಂಗಡಿ ಇಡೋಣ ಎಂದು ನಿರ್ಧರಿಸಿದೆ. ನಗಬೇಡ. ಪಕ್ಕದ ಜೆರಾಕ್ಸ್ ಅಂಗಡಿಯವಳು ಕಂಪ್ಯೂಟರ್ ಮುಂದೆ ಕೂರಿಸಿದಳು, ಮೂರು ವಾರ ಕೂತೆ. ಇದು ಕೈಹಿಡಿಯದಿದ್ದರೆ ವರ್ಷದ ಕೊನೆಗೆ ಬಾಗಿಲು ಹಾಕುವುದೇ. ನನಗೆ ಬೇರೆ ಕೆಲಸ ಬಾರದು, ಬೇರೆ ಮನೆಯೂ ಇಲ್ಲ.

ಅಂಗಡಿ ಅಂದಮೇಲೆ ಗಿರಾಕಿಗೆ ಒಂದು ಬುಟ್ಟಿ ಬೇಕಂತೆ, ಅದಕ್ಕೆ ಕಾರ್ಟ್ ಅಂತ ಹೆಸರು. ಮೊದಲು ಒಂದು ಪುಕ್ಕಟೆ ಕಾರ್ಟ್ ಹಾಕಿದೆ. ಅದು ಪ್ರತಿಯೊಂದಕ್ಕೂ ಸ್ಟಾಕ್ ಎಷ್ಟು ಎಂದು ಕೇಳುತ್ತದೆ. ನಮ್ಮಲ್ಲಿ ಸ್ಟಾಕ್ ಎಲ್ಲಿಂದ ಬರಬೇಕು? ಗಿರಾಕಿ ಉಳಿದ ಗುಂಡಿ ಕಳಿಸಿದ ಮೇಲೆ ತಾನೆ ಅದರ ಜೋಡಿ ಲೇತಿನಲ್ಲಿ ಕಡೆಯುವುದು? ಸೊನ್ನೆ ಎಂದು ಹಾಕಿದೆ. ಬೆಳಿಗ್ಗೆ ನೋಡಿದರೆ ಇಡೀ ಅಂಗಡಿಯ ಮೇಲೆ ಕೆಂಪಕ್ಷರದಲ್ಲಿ ‘ಮುಗಿದಿದೆ, ಮುಗಿದಿದೆ, ಮುಗಿದಿದೆ’. ಎರಡನೆಯದು ನೋಡಲು ಚೆಂದ, ಆದರೆ ಬಾಯಿಬಡುಕ. ಬುಟ್ಟಿಗೆ ಹಾಕಿ ಕೊಳ್ಳದೆ ಹೋದವರಿಗೆಲ್ಲ ‘ನಿಮ್ಮ ಬುಟ್ಟಿ ನಿಮಗಾಗಿ ಕಾಯುತ್ತಿದೆ’ ಎಂದು ದಿನಕ್ಕೆ ಮೂರು ಮೆಸೇಜು. ಪರೀಕ್ಷೆಗೆಂದು ನಾನೇ ಒಂದು ಕೊಂಬಿನ ಗುಂಡಿ ಹಾಕಿಟ್ಟಿದ್ದೆ, ವಾರದಲ್ಲಿ ನನಗೇ ಇಪ್ಪತ್ತೊಂದು ಬಂದವು. ಕಿತ್ತೆಸೆದೆ. ಮೂರನೆಯದು ಸಂಭಾವಿತ. ಗಿರಾಕಿ ಗುಂಡಿಯ ಫೋಟೋ ಲಗತ್ತಿಸಬಹುದು, ನಾಲ್ಕು ಸಾಲು ಬರೆಯಲೂಬಹುದು. ಅದನ್ನೇ ಇಟ್ಟುಕೊಂಡೆ.

ಆಮೇಲೆ ದುಡ್ಡು ಪಡೆಯುವ ವ್ಯವಸ್ಥೆ. ಹೆಚ್ಚಿನ ಪೇಮೆಂಟ್ ಕಂಪನಿಗಳು ಆರ್ಡರ್ ಆದ ಕ್ಷಣವೇ ಗಿರಾಕಿಯ ಜೇಬಿಗೆ ಕೈ ಹಾಕುತ್ತವೆ. ನಮ್ಮ ಪದ್ಧತಿ ನಿನಗೆ ಗೊತ್ತು. ಗುಂಡಿ ಹೊಲಿದು, ಬಟ್ಟೆ ಹಾಕಿಕೊಂಡು, ಎರಡು ಹೆಜ್ಜೆ ದೂರ ನಿಂತು ಮನೆಯವರನ್ನು ‘ಇದರಲ್ಲಿ ಹೊಸದು ಯಾವುದು?’ ಎಂದು ಕೇಳಬೇಕು. ಅವರು ಸರಿಯಾಗಿ ಬೆರಳು ತೋರಿಸಿಬಿಟ್ಟರೆ ನಮಗೆ ಕಾಸಿಲ್ಲ. ಮಾವನವರ ಕಾಲದಿಂದ ಹೀಗೆ. ಅಂತೂ ಒಂದು ಕಂಪನಿ ಸಿಕ್ಕಿತು. ಅದು ದುಡ್ಡನ್ನು ಗಿರಾಕಿಯ ಖಾತೆಯಲ್ಲೇ ತಡೆಹಿಡಿದು, ನಾವು ಹೂಂ ಅಂದ ಮೇಲೆ ತೆಗೆದುಕೊಳ್ಳುತ್ತದೆ.

ಅವರು ಅಂಗಡಿ ಪರವಾನಗಿ ಕೇಳಿದರು. ಗೋಡೆಯ ಫ್ರೇಮು ಇಳಿಸಿ, ಎರಡೂ ಬದಿ ಫೋಟೋ ತೆಗೆದು ಕಳಿಸಿದೆ. ಮೂರು ದಿನಕ್ಕೆ ಉತ್ತರ ಬಂತು. ‘ಅರ್ಜಿದಾರರು ಅಂಗಡಿಯ ಮಾಲೀಕರಲ್ಲ.’ ನಾನು ಮಾಲೀಕಳಲ್ಲವಂತೆ! ಜಗಳಕ್ಕೇ ಹೊರಟಿದ್ದೆ, ಜೆರಾಕ್ಸಿನವಳು ತಡೆದು ಪರವಾನಗಿಯ ಹಿಂಬದಿ ಓದಿಸಿದಳು. ಮಾಲೀಕರು ಎಂಬಲ್ಲಿ ನಿನ್ನ ಹೆಸರಿದೆ. ಮಾವನವರು ತಾವು ಹೋಗುವ ವರ್ಷ ಬದಲಾಯಿಸಿದ್ದಾರೆ. ಅದರ ಕೆಳಗೆ ಪ್ರತಿ ವರ್ಷದ ನವೀಕರಣ, ಪ್ರತಿಯೊಂದಕ್ಕೂ ನಿನ್ನ ಸಹಿ.

ಅಂದರೆ ನೀನು ವರ್ಷಾವರ್ಷ ಬಂದು ಸಹಿ ಮಾಡಿ ಹೋಗುತ್ತಿದ್ದೆ! ಅಣ್ಣ ತಂಗಿ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದಿರಿ. ಇರಲಿ. ಜೊತೆಗೆ ಪೇಮೆಂಟ್ ಕಂಪನಿಯವರು ಕೊಟ್ಟ ಮಾಲೀಕರ ಒಪ್ಪಿಗೆ ಫಾರಂ ಇಟ್ಟಿದ್ದೇನೆ. ಪೆನ್ಸಿಲ್ ಗುರುತಿರುವ ಕಡೆ ಸಹಿ ಹಾಕಿ ಕಳಿಸು.

ನಿನ್ನ ಅತ್ತಿಗೆ

&nbsp;

ಮಾರ್ಚ್ ೧೧

ಅತ್ತಿಗೆ,

ಅಣ್ಣ ಹೋದನಾ?

ನಿಮ್ಮ ಕಾಗದದ ಎರಡನೇ ಪ್ಯಾರಾದಲ್ಲಿ, ಅರ್ಧ ಸಾಲಿನಲ್ಲಿ ನನಗೆ ಗೊತ್ತಾಯಿತು. ಊಟದ ಬಿಡುವಿನಲ್ಲಿ ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಓದುತ್ತಿದ್ದೆ. ತಪ್ಪಾಗಿ ಓದಿದೆನೇನೋ ಎಂದು ಮುಂದಕ್ಕೆ ಹೋದೆ. ಕಾರ್ಟು, ಸ್ಟಾಕು ಎಂದೆಲ್ಲ ಇತ್ತು, ಒಂದೂ ತಲೆಗೆ ಹೋಗಲಿಲ್ಲ. ಮತ್ತೆ ಹಿಂದಕ್ಕೆ ಬಂದೆ. ಗಂಟೆ ಹೊಡೆದಿದ್ದು ಕೇಳಿಸಲೇ ಇಲ್ಲ, ಮೇಲ್ವಿಚಾರಕಿ ಬಂದು ಭುಜ ಅಲುಗಿಸಿದಳು.

ಸೋದರತ್ತೆ ಜನವರಿಯಲ್ಲಿ ಫೋನ್ ಮಾಡಿದ್ದರು. ಮುಕ್ಕಾಲು ಗಂಟೆ ಮಂಡಿನೋವಿನ ಮಾತು. ಅಣ್ಣನ ಸುದ್ದಿ ಎತ್ತಲಿಲ್ಲ. ನನಗೆ ನೋವಾಗಬಾರದೆಂದು ಎತ್ತುತ್ತಿಲ್ಲ ಎಂದುಕೊಂಡೆ.

ನಾನು ಒಂದು ಸಲವೂ ಅಲ್ಲಿಗೆ ಬಂದಿಲ್ಲ. ಯಾವ ಕಾಗದಕ್ಕೂ ಸಹಿ ಮಾಡಿಲ್ಲ. ಅಂಗಡಿ ನನ್ನ ಹೆಸರಿನಲ್ಲಿದೆ ಎಂದು ಕೇಳುತ್ತಿರುವುದೇ ಈಗ.

ಏನಾಗಿತ್ತು ಅವನಿಗೆ? ಯಾವ ದಿನ? ಹತ್ತಿರ ಯಾರಿದ್ದರು? ಮೊದಲು ಅದನ್ನು ಬರೆಯಿರಿ.

ನಾದಿನಿ

&nbsp;

ಮಾರ್ಚ್ ೧೭

ಪುಟ್ಟಿ,

ನಿನ್ನ ಕಾಗದ ಒಡೆದೆ. ಮೊದಲ ಸಾಲು ಓದಿ ಅಲ್ಲಿಗೇ ನಿಲ್ಲಿಸಿದೆ. ಸೋದರತ್ತೆಗೆ ಫೋನ್ ಮಾಡಿ ಕೂಗಾಡಿದೆ. ಅವರು, “ಅಯ್ಯೋ, ನೀನು ಬರೆದಿರ್ತೀಯ ಅಂದ್ಕೊಂಡೆ ಕಣಮ್ಮ. ಮನೆಯವಳು ನೀನಲ್ವಾ?” ಎಂದರು. ಫೋನ್ ಇಟ್ಟುಬಿಟ್ಟೆ. ಯಾಕೆಂದರೆ ನಾನು ಬರೆದಿದ್ದೆ. ವಿಳಾಸ ಹಾಕಿ ಅಂಚೆಚೀಟಿಯನ್ನೂ ಅಂಟಿಸಿದ್ದೆ. ಆ ಕಾರ್ಡು ಇವತ್ತಿಗೂ ನನ್ನ ಬ್ಯಾಗಿನ ಒಳಜೇಬಿನಲ್ಲಿದೆ. ಅಂಚೆ ಡಬ್ಬಿಯ ತನಕ ಎರಡು ಸಲ ಹೋಗಿ ವಾಪಸು ಬಂದೆ. ಹೇಗೂ ಸೋದರತ್ತೆ ಹೇಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ.

ನೀನು ಕೇಳಿದ್ದನ್ನು ಹೇಳುತ್ತೇನೆ. ಆಗಸ್ಟ್ ಒಂಬತ್ತು, ಬೆಳಿಗ್ಗೆ ಹತ್ತೂವರೆ. ಶ್ವಾಸಕೋಶ. ಮೂವತ್ತು ವರ್ಷ ಚಿಪ್ಪಿನ ಪುಡಿ, ಕೊಂಬಿನ ಪುಡಿ ಕುಡಿದ ಎದೆ ಅದು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಬಡಿದುಕೊಂಡೆ, ಉಸಿರು ಕಟ್ಟುತ್ತದೆ ಅನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಹತ್ತಿರ ನಾನಿದ್ದೆ. ನರ್ಸು ಕಿಟಕಿಯ ಪರದೆ ಸರಿಸುತ್ತಿದ್ದಳು, ತಿರುಗಿ ನೋಡುವಷ್ಟರಲ್ಲಿ ಮುಗಿದಿತ್ತು. ನೋವು ಪಡಲಿಲ್ಲ. ಇದು ನಿನ್ನ ಸಮಾಧಾನಕ್ಕೆ ಹೇಳುವ ಮಾತಲ್ಲ, ನಿಜವಾಗಿಯೂ ಪಡಲಿಲ್ಲ.

ಕಾರ್ಡು ಯಾಕೆ ಹಾಕಲಿಲ್ಲ ಎಂಬುದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಇನ್ನೊಂದು ಹದಿನಾಲ್ಕು ವರ್ಷ ಬ್ಯಾಗಿನಲ್ಲಿಟ್ಟುಕೊಂಡು ತಿರುಗುತ್ತೇನೆ. ಹೋಗುವ ಮೂರು ದಿನ ಮುಂಚೆ ನಿನ್ನ ಅಣ್ಣ ನನ್ನ ಕೈ ಹಿಡಿದು, “ಆ ಡಾಕ್ಟರಮ್ಮನ ಕೋಟಿನ ಗುಂಡಿ ಪುಟ್ಟಿ ಕಳೆದಿದ್ದಲ್ಲ ಕಣೇ. ಹಿಂಬದಿ ಅಳತೆ ತೆಗೆಯೋಣ ಅಂತ ಲೇತಿಗೆ ಕಚ್ಚಿಸಿದೆ, ಎರಡು ಹೋಳಾಯ್ತು. ಒಲೆಗೆ ಹಾಕಿಬಿಟ್ಟೆ” ಎಂದರು.

ನಾನು ಅವರ ಕೈ ಕೊಡವಿಬಿಟ್ಟೆ. ಸಾಯುವವರ ಕೈಯನ್ನು. ನೀನು ಅವತ್ತು ಅಂಗಡಿಯಲ್ಲಿ ಹತ್ತು ಜನರ ಮುಂದೆ, “ನಾನು ಎಂಟು ಗುಂಡಿ ಎಣಿಸಿ ಡಬ್ಬಿಯಲ್ಲಿಟ್ಟಿದ್ದೆ, ಅಷ್ಟೇ ನಂಗೊತ್ತು” ಎಂದು ಅಳುತ್ತಾ ನಿಂತಿದ್ದೆ. ನಾನು ಡಾಕ್ಟರಮ್ಮನ ಎದುರಿಗೇ ನಿನ್ನನ್ನು ಸುಳ್ಳಿ ಅಂದೆ. ನಿನ್ನ ಅಣ್ಣ ಲೇತಿನ ಹತ್ತಿರ ತಲೆ ತಗ್ಗಿಸಿ ನಿಂತಿದ್ದರು. ತಂಗಿಯ ಮೇಲೆ ಬೇಸರ ಅಂದುಕೊಂಡಿದ್ದೆ! ಇದೆಲ್ಲ ಗೊತ್ತಾದ ಮೇಲೆ ನೀನು ಬಂದರೆ ಯಾವ ಮುಖ ತೋರಿಸಲಿ? ಅದಕ್ಕೆ ಹಾಕಲಿಲ್ಲ.

ಸಹಿ ನಿನ್ನದಲ್ಲ ಅಂದರೆ ಮತ್ತೆ ಯಾರದು? ಯೋಚನೆ ಮಾಡಿದರೆ ತಲೆ ಚಿಟ್ಟು ಹಿಡಿಯುತ್ತದೆ. ಫ್ರೇಮು ಇಳಿಸಿ ಕಚೇರಿಗೆ ಒಯ್ಯುತ್ತಿದ್ದವರು ಅವರೊಬ್ಬರೇ.

ಅತ್ತಿಗೆ

&nbsp;

ಏಪ್ರಿಲ್ ೨೦

ಅತ್ತಿಗೆ,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ನಾಲ್ಕು ಕಾಗದ ಬರೆದು ಹರಿದೆ. ಒಂದರಲ್ಲಿ ನಿಮಗೆ ಏನೇನು ಅಂದಿದ್ದೆನೆಂದರೆ, ಓದಿದ್ದರೆ ನಿಮ್ಮ ಬಿಪಿ ಏರುತ್ತಿತ್ತು.

ಅಪ್ಪ ಅಂಗಡಿಯನ್ನು ನನಗೆ ಕೊಟ್ಟಿದ್ದರು. ಬಣ್ಣದ ಕಣ್ಣು ಇರೋದು ಇವಳಿಗೆ ಮಾತ್ರ ಎಂದು ಹೇಳುತ್ತಲೇ ಇದ್ದರು, ನಾನು ಮುದ್ದಿನ ಮಾತು ಎಂದುಕೊಂಡಿದ್ದೆ. ಅಣ್ಣನಿಗೆ ಇದು ಗೊತ್ತಿತ್ತು. ಅವತ್ತು ನಾನು ಬಟ್ಟೆ ಗಂಟು ಕಟ್ಟಿಕೊಂಡು ಮೆಟ್ಟಿಲಿಳಿಯುವಾಗ ಗುಂಡಿ ಒಡೆದದ್ದು ತಾನೇ ಎಂದೂ ಗೊತ್ತಿತ್ತು, ಅಂಗಡಿ ನನ್ನದು ಎಂದೂ ಗೊತ್ತಿತ್ತು. ಆದರೂ “ಕೊಡೆ ತಗೊಂಡು ಹೋಗು” ಅಂದ. ಅಷ್ಟೇ ಅಂದದ್ದು. ಹೋದವನ ಮೇಲೆ ಸಿಟ್ಟು ಮಾಡುವುದು ಹೇಗೆ ಎಂದು ಗೊತ್ತಿಲ್ಲ ನನಗೆ. ಅಳು ಬಂದರೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಅಳು ಬರುತ್ತದೆ. ಕೆಲಸದ ಜಾಗದಲ್ಲಿ ಎಲ್ಲರೂ ನನಗೆ ನೆಗಡಿ ಎಂದುಕೊಂಡಿದ್ದಾರೆ.

ನನ್ನ ಕೆಲಸ ಏನು ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಒಂದು ದೊಡ್ಡ ಆನ್‌ಲೈನ್ ಬಟ್ಟೆ ಕಂಪನಿಯ ಗೋದಾಮಿನಲ್ಲಿ ಏಳು ವರ್ಷದಿಂದ ವಾಪಸು ಬಂದ ಪೊಟ್ಟಣ ಬಿಚ್ಚುತ್ತೇನೆ. ದಿನಕ್ಕೆ ಇನ್ನೂರು. ಜನ ಬುಟ್ಟಿಗೆ ಏನು ಹಾಕುತ್ತಾರೆ, ಯಾಕೆ ಹಿಂದಿರುಗಿಸುತ್ತಾರೆ ಎಂಬುದು ನನಗೆ ಬಾಯಿಪಾಠ. ಅದಕ್ಕೇ ಒಂದು ಮಾತು ಹೇಳದೆ ಇರಲು ಆಗುತ್ತಿಲ್ಲ. ನಿಮ್ಮ ಪೇಮೆಂಟ್ ಕಂಪನಿ ದುಡ್ಡು ತಡೆಹಿಡಿಯುವುದು ಎಷ್ಟು ದಿನ? ಕೇಳಿದ್ದೀರಾ? ಸಾಮಾನ್ಯವಾಗಿ ಏಳು ದಿನ, ಆಮೇಲೆ ತಾನಾಗೇ ಬಿಟ್ಟುಹೋಗುತ್ತದೆ. ನಿಮಗೆ ಒಂದು ಗುಂಡಿ ಕಡೆದು, ಬಣ್ಣ ಕೂಡಿಸಿ, ಒಣಗಿಸಲು ಹತ್ತು ದಿನ ಬೇಕು. ಗುಂಡಿ ಗಿರಾಕಿಯ ಮನೆ ಸೇರುವ ಹೊತ್ತಿಗೆ ದುಡ್ಡು ಮಂಗಮಾಯ. ಗಾಬರಿ ಆಯಿತಾ? ಆಗಲಿ.

ಹೀಗೆ ಮಾಡಿ. ಕಾರ್ಟಿನಲ್ಲಿ ಮೊದಲು ಬರೀ ಕೋರಿಕೆ ತೆಗೆದುಕೊಳ್ಳಿ, ದುಡ್ಡಿನ ಮಾತೇ ಬೇಡ. ಗುಂಡಿ ಸಿದ್ಧವಾಗಿ ಅಂಚೆಗೆ ಹಾಕುವ ದಿನ ಪಾವತಿಯ ಲಿಂಕ್ ಕಳಿಸಿ. ತಡೆ ಆವತ್ತಿನಿಂದ ಶುರುವಾಗುತ್ತದೆ. ತಲುಪಲು ಮೂರು ದಿನ, ಹೊಲಿದು ‘ಹೊಸದು ಯಾವುದು’ ಎಂದು ಕೇಳಲು ನಾಲ್ಕು ದಿನ. ಇನ್ನೊಂದು ವಿಷಯ. ಫೋಟೋದಲ್ಲಿ ಬಣ್ಣ ನಂಬಬೇಡಿ. ಉಳಿದ ಗುಂಡಿ ಕೈಗೆ ಬರುವ ತನಕ ಲೇತು ಮುಟ್ಟಬೇಡಿ. ನಮ್ಮ ಗೋದಾಮಿಗೆ ವಾಪಸು ಬರುವುದರಲ್ಲಿ ಅರ್ಧಕ್ಕರ್ಧ ಫೋಟೋ ನಂಬಿ ಕೆಟ್ಟದ್ದು.

ಫಾರಂಗೆ ಸಹಿ ಹಾಕಿದ್ದೇನೆ. ನಿಮ್ಮ ಮೇಲಿನ ಪ್ರೀತಿಗಲ್ಲ. ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಗುಂಡಿ ಇದೆ, ಒಲೆ ಇದೆ, ಕಾರ್ಡು ಇದೆ. ನನಗೆ ‘ತಪ್ಪಾಯಿತು’ ಎಂದು ಹೇಳುವ ಒಂದು ಮಾತು ಎಲ್ಲೂ ಇಲ್ಲ.

ನಾದಿನಿ

&nbsp;

ಮೇ ೬

ಪುಟ್ಟಿ,

ಕೂತು ಓದು. ಫಾರಂ ತಿರಸ್ಕಾರವಾಗಿದೆ. ಕಾರಣ ಏನು ಗೊತ್ತಾ? ‘ಮಾಲೀಕರ ಸಹಿ ಪರವಾನಗಿಯಲ್ಲಿರುವ ಮಾಲೀಕರ ಸಹಿಗೆ ಹೊಂದುತ್ತಿಲ್ಲ.’ ನಿನ್ನ ಸಹಿ ನಿನ್ನದಲ್ಲವಂತೆ! ಜೆರಾಕ್ಸಿನವಳು ನಗಬೇಕೋ ಅಳಬೇಕೋ ತಿಳಿಯದೆ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದಳು.

ನಾನು ಮನೆಗೆ ಬಂದವಳೇ ಲೇತಿನ ಮೇಜು ತಡಕಿದೆ. ಉಳಿಗಳ ಖಾನೆಯನ್ನು ಪೂರ್ತಿ ಹೊರಗೆಳೆದರೆ ಅದರ ಹಿಂದೆ ಕಾಗದದ ಕಟ್ಟು. ಹದಿನಾಲ್ಕು ಹಾಳೆ. ಹಾಳೆಯ ತುಂಬ ನಿನ್ನ ಸಹಿ, ಮೇಲಿಂದ ಕೆಳಗೆ ಸಾಲು ಸಾಲು, ಮೂವತ್ತು ನಲವತ್ತು ಸಲ. ಪರೀಕ್ಷೆಗೆ ಓದುವ ಮಕ್ಕಳು ಬರೆದ ಹಾಗೆ. ನಾನು ಹೌಹಾರಿ ಅಲ್ಲೇ ಬಿಟ್ಟು ಆಚೆ ಬಂದೆ. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ಮನುಷ್ಯ. ಎಂಟು ಗಂಟೆಯ ಮೇಲೆ ಒಂದು ನಿಮಿಷ ತಡವಾದರೂ ಫೋನ್ ಮಾಡಿ ಹೇಳುವವರು. ಅವರು ವರ್ಷಕ್ಕೊಂದು ದಿನ ಬಾಗಿಲು ಹಾಕಿಕೊಂಡು ತಂಗಿಯ ಕಳ್ಳ ಸಹಿ ಕಲಿಯುತ್ತಿದ್ದರು, ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ!

ಆಮೇಲೆ ಮತ್ತೆ ಹೋಗಿ ನೋಡಿದೆ. ಪ್ರತಿ ಹಾಳೆಯ ತಲೆಯಲ್ಲೂ ‘ಪುಟ್ಟೀ, ಈ ಸಲವಾದರೂ’ ಎಂದು ಬರೆದಿದೆ. ಅಷ್ಟೇ. ಮುಂದೆ ಏನೂ ಇಲ್ಲ. ಅಲ್ಲಿಂದ ಕೆಳಗೆ ಸಹಿ ಶುರು. ನಿನಗೆ ಕಾಗದ ಬರೆಯಲು ಕೂತು, ಕೈಲಾಗದೆ, ಅದೇ ಹಾಳೆಯಲ್ಲಿ ಇದನ್ನು ಮಾಡಿದ್ದಾರೆ. ಒಂದು ಹಾಳೆ ಇದರ ಜೊತೆ ಇಟ್ಟಿದ್ದೇನೆ.

ಈಗ ವ್ಯವಹಾರಕ್ಕೆ ಬರುತ್ತೇನೆ. ಪೇಮೆಂಟ್ ಕಂಪನಿಯವರು ಎರಡು ದಾರಿ ಹೇಳಿದ್ದಾರೆ. ಒಂದು, ಪರವಾನಗಿಯಲ್ಲಿರುವ ಹಾಗೇ ಸಹಿ ಮಾಡಿ ಹೊಸ ಫಾರಂ ಕಳಿಸುವುದು. ಎರಡು, ಮಾಲೀಕರೇ ಪರವಾನಗಿ ಕಚೇರಿಗೆ ಬಂದು ಅಧಿಕಾರಿಯ ಮುಂದೆ ಸಹಿ ದೃಢೀಕರಿಸುವುದು. ಎರಡನೆಯದು ಬೇಡ. ಅವರು ಹಳೆಯ ಸಹಿಗಳನ್ನು ತೋರಿಸಿ ಕೇಳಿದರೆ, ನೀನು ‘ನನ್ನದಲ್ಲ’ ಅಂದರೆ, ಹದಿನಾಲ್ಕು ವರ್ಷದ ನವೀಕರಣವೂ ಸುಳ್ಳಾಗುತ್ತದೆ. ಅಂಗಡಿಗೆ ಬೀಗ, ಮೇಲೆ ವಿಚಾರಣೆ. ನಿನ್ನ ಅಣ್ಣನ ಹೆಸರು ಬೀದಿಪಾಲು. ಆದ್ದರಿಂದ ಈ ಹಾಳೆ ನೋಡಿಕೊಂಡು ಹತ್ತು ಸಲ ತಿದ್ದು, ಹನ್ನೊಂದನೇ ಸಲ ಫಾರಂ ಮೇಲೆ ಹಾಕಿಬಿಡು. ನಿನ್ನ ಹೆಸರೇ ತಾನೆ, ಯಾರ ಗಂಟು ಹೋಗುತ್ತದೆ?

ಅತ್ತಿಗೆ

&nbsp;

ಮೇ ೧೫

ಅತ್ತಿಗೆ,

ಹಾಳೆ ತಲುಪಿತು. ಮೊದಲ ದಿನ ಅದನ್ನು ಮಡಿಕೆ ಬಿಚ್ಚದೆ ಕಪಾಟಿನಲ್ಲಿಟ್ಟೆ. ಎರಡನೇ ದಿನ ಬಿಚ್ಚಿದೆ. ಅದು ನನ್ನದೇ ಸಹಿ. ಈಗಿನದಲ್ಲ, ಇಪ್ಪತ್ತೆರಡು ವರ್ಷದವಳಾಗಿದ್ದಾಗ ಮಾಡುತ್ತಿದ್ದದ್ದು. ಮೊದಲ ಅಕ್ಷರಕ್ಕೆ ದೊಡ್ಡ ಸುಳಿ, ಕೊನೆಗೊಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಆಗ ಅದು ಭಾರಿ ಸ್ಟೈಲ್ ಅನ್ನಿಸುತ್ತಿತ್ತು. ನಾನು ಅದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಈಗ ದಿನಕ್ಕೆ ಇನ್ನೂರು ಪೊಟ್ಟಣಕ್ಕೆ ಗೀಚುವುದು ಬರೀ ಎರಡು ಗೀಟು. ಅಣ್ಣ ಚುಕ್ಕೆ ಕೂಡ ಬಿಟ್ಟಿಲ್ಲ.

ನೀವು ಹೇಳಿದಂತೆ ತಿದ್ದಲು ಕೂತೆ. ಹತ್ತಲ್ಲ, ಅರವತ್ತು ಸಲ ತಿದ್ದಿದೆ. ಕೊನೆಕೊನೆಗೆ ಸರಿಯಾಗಿಯೇ ಬಂತು. ಫಾರಂ ಹತ್ತಿರ ಎಳೆದುಕೊಂಡೆ, ಪೆನ್ನು ಊರಲಾಗಲಿಲ್ಲ. ಆ ಮನೆಯಿಂದ ನಾನು ತಂದುಕೊಂಡದ್ದು ಒಂದೇ, ಅತ್ತಿಗೆ. ನಾನು ಸುಳ್ಳು ಹೇಳಿಲ್ಲ ಎಂಬುದು. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಜ್ವರ ಬಂದು ಮಲಗಿದಾಗ, ಮದುವೆ ಮಾತು ಬಂದು ಮನೆ ಕಡೆಯವರು ಯಾರೂ ಇಲ್ಲವಾ ಎಂದು ಕೇಳಿ ಎದ್ದು ಹೋದಾಗ, ಅದನ್ನೇ ನನಗೆ ನಾನು ಹೇಳಿಕೊಂಡೆ. ಈಗ ನೀವು ಅದನ್ನೂ ಕೊಟ್ಟುಬಿಡು ಅನ್ನುತ್ತೀರಿ, ಅದೂ ಯಾರ ಗಂಟು ಹೋಗುತ್ತದೆ ಎಂದು ಕೇಳಿಕೊಂಡು. ನನ್ನ ಗಂಟು ಹೋಗುತ್ತದೆ.

ಮೇ ಇಪ್ಪತ್ತೆಂಟು, ಗುರುವಾರ, ರಜೆ ಹಾಕಿದ್ದೇನೆ. ಹನ್ನೊಂದು ಗಂಟೆಗೆ ಪರವಾನಗಿ ಕಚೇರಿಗೆ ಬರುತ್ತೇನೆ. ಮನೆಗೆ ಬರುವುದಿಲ್ಲ. ಅಧಿಕಾರಿ ಏನು ಕೇಳುತ್ತಾನೋ ಅದಕ್ಕೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಆಮೇಲೆ ಅಂಗಡಿಗೆ ಏನಾಗುತ್ತದೋ ಆಗಲಿ.

ಪುಟ್ಟಿ

&nbsp;

ಮೇ ೨೧

ಪುಟ್ಟಿ,

ನಿನ್ನ ಕಾಗದ ಓದಿದೆ. ಬೇಡಿಕೊಂಡು ಎರಡು ಪುಟ ಬರೆದೆ. ಕಾಲಿಗೆ ಬೀಳುತ್ತೇನೆ ಎಂದು ಕೂಡ ಬರೆದಿದ್ದೆ. ಹರಿದು ಹಾಕಿದೆ.

ನಿಜ ಹೇಳು. ನಿನಗೆ ಹೇಗೆ ಅನ್ನಿಸುತ್ತದೋ ಹಾಗೆ, ಒಂದಕ್ಷರ ಬಿಡದೆ ಹೇಳು. ಅವತ್ತು ನೀನು ನಿಜ ಹೇಳಿದಾಗ ಅಂಗಡಿಯಲ್ಲಿ ಒಂದು ನರಪಿಳ್ಳೆಯೂ ನಿನ್ನ ಕಡೆ ನಿಲ್ಲಲಿಲ್ಲ. ಈ ಸಲ ನಾನು ಪಕ್ಕದಲ್ಲೇ ನಿಲ್ಲುತ್ತೇನೆ. ಬೀಗ ಬಿದ್ದರೆ ಬೀಳಲಿ. ಜೆರಾಕ್ಸಿನವಳು ತನ್ನ ಅಂಗಡಿಯಲ್ಲಿ ಪುಸ್ತಕಕ್ಕೆ ಹೊಲಿಗೆ ಹಾಕುವ ಕೆಲಸ ಕೊಡುತ್ತೇನೆ ಅಂದಿದ್ದಾಳೆ. ಸೂಜಿ ಹಿಡಿಯಲು ಬರುತ್ತದಲ್ಲ, ಬದುಕಿಕೊಳ್ಳುತ್ತೇನೆ.

ತಪ್ಪಾಯಿತು ಕಣೇ. ಹತ್ತು ಜನರ ಮುಂದೆ ಅಂದೆ, ಒಂದು ಕಾಗದದಲ್ಲಿ ಒಪ್ಪಿಕೊಂಡರೆ ಸಮ ಆಗುವುದಿಲ್ಲ ಎಂದು ಗೊತ್ತು. ಆದರೂ ತಪ್ಪಾಯಿತು.

ಹನ್ನೊಂದು ಗಂಟೆಗೆ ಮೆಟ್ಟಿಲ ಹತ್ತಿರ ಇರುತ್ತೇನೆ.

ಅತ್ತಿಗೆ

&nbsp;

ಜೂನ್ ೪

ಪುಟ್ಟಿ,

ಪೇಮೆಂಟ್ ಕಂಪನಿ ಒಪ್ಪಿಗೆ ಕೊಟ್ಟಿತು. ನಿನ್ನೆ ಮಧ್ಯಾಹ್ನ ಆನ್‌ಲೈನ್ ಅಂಗಡಿ ಬಾಗಿಲು ತೆರೆಯಿತು. ಸಂಜೆಯೊಳಗೆ ಎರಡು ಕೋರಿಕೆ ಬಂದಿವೆ. ಒಬ್ಬರು ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದ ತಾತನ ಸಮವಸ್ತ್ರಕ್ಕೆ, ಇನ್ನೊಬ್ಬರು ಮಗುವಿನ ಸ್ವೆಟರಿಗೆ. ನೀನು ಹೇಳಿದ ಹಾಗೇ, ಗುಂಡಿ ಕೈಗೆ ಬರಲಿ, ಆಮೇಲೆ ಲೇತು ಎಂದು ಉತ್ತರ ಬರೆದೆ. ರಸೀದಿಯ ತಲೆಯಲ್ಲಿ ಕಾರ್ಟು ತಾನಾಗೇ ಒಡತಿಯ ಹೆಸರು ಅಚ್ಚು ಹಾಕುತ್ತದೆ. ನಿನ್ನದು. ಹಾಗೇ ಇರಲಿ, ಬದಲಾಯಿಸುವ ಮಾತೆತ್ತಬೇಡ.

ಕಳೆದ ಗುರುವಾರ ನೀನು ಬಸ್ಸು ಹತ್ತಿ ಹೋಗುವ ತನಕ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಸಿಟ್ಟು ಅಂದುಕೊಂಡೆಯೋ ಏನೋ. ಸಿಟ್ಟಲ್ಲ. ಮೆಟ್ಟಿಲ ಹತ್ತಿರ ನಿನ್ನ ಕೂದಲಲ್ಲಿ ಬಿಳಿ ನೋಡಿ ಮೊದಲು ಬಾಯಿ ಕಟ್ಟಿತು. ಆಮೇಲೆ ಒಳಗೆ ನಡೆದದ್ದರಿಂದ ಪೂರ್ತಿ ಕಟ್ಟಿತು.

ಆ ಕನ್ನಡಕದ ಅಧಿಕಾರಿ ಹಳೆಯ ಹಾಳೆಗಳನ್ನು ನಿನ್ನ ಮುಂದೆ ಹರಡಿ, “ಇವು ಯಾರ ಸಹಿ?” ಎಂದು ಕೇಳಿದಾಗ ನಾನು ಮೇಜಿನ ಅಂಚು ಹಿಡಿದುಕೊಂಡು ಕಣ್ಣು ಮುಚ್ಚಿದ್ದೆ. ಬೀಗ, ವಿಚಾರಣೆ, ಎಲ್ಲಕ್ಕೂ ತಯಾರಾಗಿ ನಿಂತಿದ್ದೆ. ನೀನು ಒಂದೊಂದೇ ಹಾಳೆ ತಿರುವಿದೆ. ಹದಿನಾಲ್ಕನ್ನೂ ತಿರುವಿದೆ. ಕಳೆದ ವರ್ಷದ್ದರ ಹತ್ತಿರ ನಿನ್ನ ಬೆರಳು ನಿಂತಿತು. ಅದರಲ್ಲಿ ಗೆರೆ ಅಂಕುಡೊಂಕಾಗಿದೆ, ಆಗಲೇ ಅವರ ಕೈ ನಡುಗುತ್ತಿತ್ತು. ಆಮೇಲೆ ನಿನ್ನ ದನಿ ಕೇಳಿಸಿತು. “ಎಲ್ಲಾ ನಂದೇ. ಈಗ ದಿನವೆಲ್ಲ ಕತ್ತರಿ ಹಿಡಿಯೋ ಕೆಲಸ, ಕೈ ಬದಲಾಗಿದೆ.”

ದಂಗಾದೆ ಪುಟ್ಟಿ. ಕಿವಿ ನಂಬಲಿಲ್ಲ. ಕಣ್ಣು ಬಿಟ್ಟು ನೋಡಿದರೆ ನಿನ್ನ ಮುಖದಲ್ಲೂ ಅದೇ ಗಾಬರಿ, ಯಾರೋ ಬೇರೆಯವರು ಮಾತಾಡಿದ ಹಾಗೆ. ನೀನು ನಿಜ ಹೇಳಲು ಅಷ್ಟು ದೂರದಿಂದ ಬಂದವಳು. ನಾನು ಬೇಡವೆಂದಿರಲಿಲ್ಲ. ಯಾಕೆ ಹಾಗೆ ಹೇಳಿದೆ ಎಂದು ನಾನು ಕೇಳುವುದಿಲ್ಲ. ಕೇಳಿದರೆ ನಿನಗೂ ಗೊತ್ತಿರಲಿಕ್ಕಿಲ್ಲ.

ನೀನು ಫೋಟೋ ತೆಗೆಸಲು ಆಚೆ ಕಿಟಕಿಗೆ ಹೋದೆಯಲ್ಲ, ಆಗ ನಡೆದದ್ದು ನಿನಗೆ ಗೊತ್ತಿಲ್ಲ. ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ನನ್ನ ಕಡೆ ಬಗ್ಗಿ ಮೆಲ್ಲಗೆ, “ನೋಡಿಮ್ಮಾ, ಇಪ್ಪತ್ತು ವರ್ಷದಿಂದ ಸಹಿ ನೋಡೋದೇ ನನ್ನ ಕೆಲಸ. ಇವು ಒಂದೇ ಕೈಯವಲ್ಲ. ಅವರು ವಾಪಸು ಬರೋದ್ರೊಳಗೆ ಹೇಳ್ಬಿಡಿ. ಅವರ ಮಾತು ನಂಬಬಹುದಾ?” ಎಂದ.

ನಾನು ಅಂದೆ, “ಅವಳು ನನ್ನ ನಾದಿನಿ. ನಾನು ಕಂಡಾಗಿನಿಂದ ಒಂದು ಸುಳ್ಳೂ ಹೇಳಿದವಳಲ್ಲ.”

ಮೆಲ್ಲಗೆ ಹೇಳಬೇಕೆಂದೇ ಇದ್ದೆ, ದನಿ ಏರಿಬಿಟ್ಟಿತು. ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು, ಹತ್ತು ಹದಿನೈದು ಜನ ಇದ್ದರು. ಅಧಿಕಾರಿ ಕನ್ನಡಕ ಹಾಕಿಕೊಂಡು ಮೊಹರು ಒತ್ತಿದ. ನೀನು ಮಾತ್ರ ಅತ್ತ ಕ್ಯಾಮೆರಾ ನೋಡುತ್ತಾ ಕೂತಿದ್ದೆ, ನಿನಗೆ ಕೇಳಿಸಲಿಲ್ಲ. ಅದಕ್ಕೆ ಬರೆದು ತಿಳಿಸುತ್ತಿದ್ದೇನೆ.

ನಿನ್ನ ಅತ್ತಿಗೆ